538 ಮಂದಿಯ ಮತ: ಅಮೆರಿಕದ ಅಧ್ಯಕ್ಷರ ಆಯ್ಕೆಯ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷೀಯ ಚುನಾವಣೆ ನಾಲ್ಕು ವರ್ಷಗಳಿಗೊಮ್ಮೆ, ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ ನಡೆಯುತ್ತದೆಯಾದರೂ, ಅಂದು ಮತ ಹಾಕುವ ಕೋಟ್ಯಂತರ ಪ್ರಜೆಗಳು ಕಾನೂನಿನ ದೃಷ್ಟಿಯಲ್ಲಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಅಧ್ಯಕ್ಷರನ್ನು ಆರಿಸುವ ಅಧಿಕಾರವುಳ್ಳ ‘ಎಲೆಕ್ಟರ್’ಗಳೆಂಬ ಪ್ರತಿನಿಧಿಗಳನ್ನು ತಂತಮ್ಮ ರಾಜ್ಯದ ಪರವಾಗಿ ಆರಿಸುತ್ತಾರೆ. ಹೀಗೆ ಆಯ್ಕೆಯಾದ 538 ಮಂದಿಯ ಸಮೂಹವೇ ‘ಎಲೆಕ್ಟೋರಲ್ ಕಾಲೇಜ್’ ಎಂಬ ನಿರ್ವಾಚಕ ಮಂಡಳಿ; ಇದರಲ್ಲಿ ಕನಿಷ್ಠ 270 ಮತ ಗಳಿಸಿದವರು ಅಧ್ಯಕ್ಷರಾಗುತ್ತಾರೆ. 1824, 1876, 1888, 2000 ಮತ್ತು 2016ರಲ್ಲಿ ದೇಶದಾದ್ಯಂತ ಹೆಚ್ಚು ಜನಮತ ಪಡೆದ ಅಭ್ಯರ್ಥಿಗಳು ಸೋತದ್ದು ಹೊರಗಿನವರಿಗೆ ಆಕಸ್ಮಿಕದಂತೆ ತೋರಬಹುದು. ಆದರೆ ಐವತ್ತು ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ನೂ ಒಂದೇ ದಿನ ನಡೆಸುವ ಐವತ್ತೊಂದು ಪ್ರತ್ಯೇಕ ಚುನಾವಣೆಗಳ ಮೊತ್ತವೇ ಈ ಚುನಾವಣೆಯಾಗಿರುವುದರಿಂದ, ಅಂತಹ ಫಲಿತಾಂಶಕ್ಕೆ ಅವಕಾಶವು ವ್ಯವಸ್ಥೆಯ ರಚನೆಯಲ್ಲಿಯೇ ಇದೆ.

ಫಿಲಡೆಲ್ಫಿಯಾದ ರಾಜಿ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಂವಿಧಾನ ಸಮಾವೇಶದಲ್ಲಿ ಅಧ್ಯಕ್ಷರ ಆಯ್ಕೆಯ ವಿಧಾನವು ತಿಂಗಳುಗಟ್ಟಲೆ ಬಗೆಹರಿಯದೆ ಉಳಿಯಿತು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಜನರೇ ನೇರವಾಗಿ ಆರಿಸಲಿ ಎಂದು ವಾದಿಸಿದರೆ, ಇತರ ಹಲವರು ಆ ಕೆಲಸವನ್ನು ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಒಪ್ಪಿಸಬೇಕೆಂದರು. ಹಾಗೆ ಮಾಡಿದರೆ ಅಧ್ಯಕ್ಷರು ಶಾಸಕರ ಹಂಗಿನಲ್ಲಿ ಉಳಿಯಬೇಕಾಗುತ್ತದೆಂಬ ಆಕ್ಷೇಪವೂ ಅಲ್ಲಿಯೇ ಕೇಳಿಬಂತು. ನೇರ ಚುನಾವಣೆಗೆ ಇದ್ದ ಮತ್ತೊಂದು ಅಡ್ಡಿ ಗುಲಾಮಗಿರಿಯದು. ದಕ್ಷಿಣದ ರಾಜ್ಯಗಳಲ್ಲಿ ಜನಸಂಖ್ಯೆಯ ದೊಡ್ಡ ಪಾಲಾಗಿದ್ದ ಗುಲಾಮರಿಗೆ ಮತದ ಹಕ್ಕು ಇರಲಿಲ್ಲವಾದ್ದರಿಂದ ಜನಮತದ ಲೆಕ್ಕದಲ್ಲಿ ಆ ರಾಜ್ಯಗಳ ಬಲ ಕುಗ್ಗುತ್ತಿತ್ತು. ಈ ತೊಡಕನ್ನು ಸ್ವತಃ ವರ್ಜೀನಿಯಾದವರಾದ ಜೇಮ್ಸ್ ಮ್ಯಾಡಿಸನ್ ಸಮಾವೇಶದಲ್ಲಿ ಎತ್ತಿ ತೋರಿಸಿದರು. ಕೊನೆಗೆ ಒಪ್ಪಿತವಾದ ಸೂತ್ರದ ಪ್ರಕಾರ ಪ್ರತಿ ರಾಜ್ಯಕ್ಕೂ ಕಾಂಗ್ರೆಸ್ಸಿನಲ್ಲಿ ಅದಕ್ಕಿರುವ ಸದಸ್ಯರಷ್ಟೇ ಎಲೆಕ್ಟರ್‌ಗಳು ದೊರೆತರು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿಯಲು ಮೊದಲೇ ಒಪ್ಪಿಗೆಯಾಗಿದ್ದುದರಿಂದ, ಮತವಿಲ್ಲದ ಆ ಜನರ ಹೆಸರಿನಲ್ಲಿ ಅವರ ಒಡೆಯರ ರಾಜ್ಯಗಳ ಬಲ ಹೆಚ್ಚಿತು. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದವರೇ ಆಗಿದ್ದರು.

ಗುಲಾಮಗಿರಿ ಅಳಿದರೂ ಹಂಚಿಕೆಯ ಸೂತ್ರ ಉಳಿದುಕೊಂಡಿದೆ. ಜನಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗುವ ಪ್ರತಿನಿಧಿ ಸಭೆಯ 435 ಸ್ಥಾನಗಳು, ರಾಜ್ಯಕ್ಕೆ ಎರಡರಂತೆ ಸೆನೆಟ್ಟಿನ 100 ಸ್ಥಾನಗಳು, 1961ರಲ್ಲಿ ಅಂಗೀಕೃತವಾದ 23ನೇ ತಿದ್ದುಪಡಿಯ ಮೂಲಕ ರಾಜಧಾನಿಗೆ ದೊರೆತ 3 ಮತಗಳು ಸೇರಿ 538 ಆಗುತ್ತದೆ. ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿಯ ಬಳಿಕ ರಾಜ್ಯಗಳ ಪಾಲು ಬದಲಾಗುತ್ತದೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾಕ್ಕೆ 54, ಟೆಕ್ಸಾಸ್‌ಗೆ 40, ಫ್ಲಾರಿಡಾಕ್ಕೆ 30 ಮತಗಳಿವೆ. ಎಷ್ಟೇ ಚಿಕ್ಕ ರಾಜ್ಯವಾದರೂ ಇಬ್ಬರು ಸೆನೆಟರುಗಳೂ ಒಬ್ಬ ಪ್ರತಿನಿಧಿಯೂ ಇದ್ದೇ ಇರುವುದರಿಂದ ಮೂರಕ್ಕಿಂತ ಕಡಿಮೆ ಮತ ಯಾವ ರಾಜ್ಯಕ್ಕೂ ಇಲ್ಲ. ಇದರಿಂದಾಗಿ ವಯೋಮಿಂಗ್ ರಾಜ್ಯದಲ್ಲಿ ಸುಮಾರು 1.92 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್ ಇದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7.3 ಲಕ್ಷ ಜನರಿಗೆ ಒಬ್ಬರಿದ್ದಾರೆ.

ಪಕ್ಷಗಳ ಕೈಗೆ ಬಂದ ಮಂಡಳಿ

ಸಂವಿಧಾನ ರಚಿಸಿದವರ ಕಲ್ಪನೆಯಲ್ಲಿ ಎಲೆಕ್ಟರ್‌ಗಳು ವಿವೇಚನೆಯಿಂದ ಮತ ಹಾಕುವ ಸ್ವತಂತ್ರ ವ್ಯಕ್ತಿಗಳಾಗಿದ್ದರು. ಸಂಸದರಾಗಲಿ ಕೇಂದ್ರ ಸರ್ಕಾರದ ಹುದ್ದೆಯಲ್ಲಿರುವವರಾಗಲಿ ಎಲೆಕ್ಟರ್ ಆಗಬಾರದೆಂದೂ, ಎಲ್ಲರೂ ಒಂದೆಡೆ ಸೇರದೆ ಒಂದೇ ದಿನ ತಂತಮ್ಮ ರಾಜ್ಯಗಳಲ್ಲಿ ಮತ ಹಾಕಬೇಕೆಂದೂ ವಿಧಿಸಿದ್ದು ಒಳಸಂಚಿಗೆ ಎಡೆಯಾಗದಿರಲೆಂದು. ಆರಂಭದಲ್ಲಿ ಪ್ರತಿಯೊಬ್ಬ ಎಲೆಕ್ಟರ್‌ಗೂ ಎರಡು ಮತಗಳಿದ್ದು, ಅತಿ ಹೆಚ್ಚು ಮತ ಪಡೆದವರು ಅಧ್ಯಕ್ಷರೂ ಅವರ ನಂತರದವರು ಉಪಾಧ್ಯಕ್ಷರೂ ಆಗುತ್ತಿದ್ದರು. ಪಕ್ಷಗಳು ತಲೆಯೆತ್ತುತ್ತಿದ್ದಂತೆ ಈ ಏರ್ಪಾಡು ಕುಸಿಯಿತು. 1796ರಲ್ಲಿ ಎದುರಾಳಿಗಳಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಕ್ರಮವಾಗಿ ಅಧ್ಯಕ್ಷ, ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್ ಅವರಿಗೂ ಅವರದೇ ಪಕ್ಷದ ಆರನ್ ಬರ್ ಅವರಿಗೂ ತಲಾ 73 ಮತ ಬಿದ್ದು, ಪ್ರತಿನಿಧಿ ಸಭೆ 36 ಸಲ ಮತದಾನ ನಡೆಸಿದ ಮೇಲೆ ಜೆಫರ್ಸನ್ ಆಯ್ಕೆಯಾದರು. ಈ ಗೊಂದಲದ ಫಲವಾಗಿ ಬಂದ 1804ರ 12ನೇ ತಿದ್ದುಪಡಿ ಎರಡು ಹುದ್ದೆಗಳಿಗೆ ಬೇರೆ ಬೇರೆ ಮತವನ್ನು ಗೊತ್ತುಮಾಡಿತು.

ಇಂದಿನ ಚುನಾವಣೆಯ ಸ್ವರೂಪವನ್ನು ನಿರ್ಧರಿಸಿರುವ ನಿಯಮವಾದರೋ ಸಂವಿಧಾನದಲ್ಲಿಯೇ ಇಲ್ಲ. ರಾಜ್ಯದಲ್ಲಿ ಒಂದು ಮತ ಹೆಚ್ಚು ಗಳಿಸಿದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಸಲ್ಲುವ ಈ ‘ಗೆದ್ದವರಿಗೇ ಎಲ್ಲವೂ’ ಪದ್ಧತಿ ಪಕ್ಷಗಳ ಲೆಕ್ಕಾಚಾರದಿಂದ ಹುಟ್ಟಿತು. 1796ರಲ್ಲಿ ಜೆಫರ್ಸನ್ ಅವರ ತವರು ವರ್ಜೀನಿಯಾದಲ್ಲಿ ಎಲೆಕ್ಟರ್‌ಗಳನ್ನು ಜಿಲ್ಲಾವಾರು ಆರಿಸುತ್ತಿದ್ದುದರಿಂದ ಅಲ್ಲಿನ ಒಂದು ಮತ ಆಡಮ್ಸ್ ಅವರಿಗೆ ಹೋಗಿತ್ತು. ಆಡಮ್ಸ್ ಗೆದ್ದದ್ದು 71–68ರ ಅಂತರದಲ್ಲಿ. 1800ರ ಚುನಾವಣೆಗೆ ಮುನ್ನ ಜೆಫರ್ಸನ್ ಬೆಂಬಲಿಗರು ವರ್ಜೀನಿಯಾದ ಕಾನೂನನ್ನೇ ಬದಲಿಸಿ, ಇಡೀ ರಾಜ್ಯದ ಎಲೆಕ್ಟರ್‌ಗಳು ಒಂದೇ ಪಟ್ಟಿಯಲ್ಲಿ ಗೆಲ್ಲುವಂತೆ ಮಾಡಿದರು. ಒಂದು ಪಕ್ಷ ತನ್ನ ರಾಜ್ಯದಲ್ಲಿ ಹೀಗೆ ಮಾಡಿದ ಮೇಲೆ ಇನ್ನೊಂದು ಪಕ್ಷ ತನ್ನ ರಾಜ್ಯದಲ್ಲಿ ಸುಮ್ಮನಿರಲು ಸಾಧ್ಯವಿರಲಿಲ್ಲ. ಇಂದು ಮೇನ್ ಮತ್ತು ನೆಬ್ರಾಸ್ಕ ಮಾತ್ರ ತಮ್ಮ ಮತಗಳ ಒಂದು ಭಾಗವನ್ನು ಲೋಕಸಭಾ ಕ್ಷೇತ್ರಗಳಂತಹ ಕಾಂಗ್ರೆಸ್ ಜಿಲ್ಲೆಗಳ ಫಲಿತಾಂಶದಂತೆ ಹಂಚುತ್ತವೆ. ಉಳಿದ 48 ರಾಜ್ಯಗಳೂ ರಾಜಧಾನಿಯೂ ಗೆದ್ದವರಿಗೇ ಎಲ್ಲವನ್ನೂ ಕೊಡುತ್ತವೆ.

ಎಲೆಕ್ಟರ್‌ಗಳಂತೂ ಪಕ್ಷಗಳೇ ಹೆಸರಿಸುವ ನಿಷ್ಠಾವಂತರಾಗಿದ್ದಾರೆ. 2016ರಲ್ಲಿ ವಾಷಿಂಗ್ಟನ್ ರಾಜ್ಯದ 12 ಎಲೆಕ್ಟರ್‌ಗಳ ಪೈಕಿ ನಾಲ್ವರು ರಾಜ್ಯದಲ್ಲಿ ಗೆದ್ದಿದ್ದ ಹಿಲರಿ ಕ್ಲಿಂಟನ್ ಅವರನ್ನು ಬಿಟ್ಟು, ಮೂವರು ಕಾಲಿನ್ ಪವೆಲ್ ಅವರಿಗೂ ಒಬ್ಬರು ಮೂಲನಿವಾಸಿ ನಾಯಕಿ ಫೇತ್ ಸ್ಪಾಟೆಡ್ ಈಗಲ್ ಅವರಿಗೂ ಮತ ಹಾಕಿದರು. ಇದಕ್ಕಾಗಿ ರಾಜ್ಯ ಸಾವಿರ ಡಾಲರ್ ದಂಡ ವಿಧಿಸಿದ್ದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಎಲೆಕ್ಟರ್‌ಗಳನ್ನು ಮಾತಿಗೆ ಬದ್ಧರಾಗಿಸುವ ಅಧಿಕಾರ ರಾಜ್ಯಗಳಿಗಿದೆಯೆಂದು 2020ರಲ್ಲಿ ತೀರ್ಪಿತ್ತಿತು.

ನವೆಂಬರಿನಿಂದ ಜನವರಿಯವರೆಗೆ

ಅಭ್ಯರ್ಥಿಗಳ ಆಯ್ಕೆಯೂ ರಾಜ್ಯಗಳ ಮೂಲಕವೇ ನಡೆಯುತ್ತದೆ. ಚುನಾವಣೆಯ ವರ್ಷದ ಆರಂಭದಿಂದ ಒಂದೊಂದೇ ರಾಜ್ಯದಲ್ಲಿ ನಡೆಯುವ ‘ಪ್ರೈಮರಿ’ ಎಂಬ ಪಕ್ಷದೊಳಗಿನ ಮತದಾನ ಅಥವಾ ‘ಕಾಕಸ್’ ಎಂಬ ಸ್ಥಳೀಯ ಕಾರ್ಯಕರ್ತರ ಸಭೆ ಆರಿಸಿ ಕಳಿಸುವ ಪ್ರತಿನಿಧಿಗಳು, ಬೇಸಿಗೆಯಲ್ಲಿ ಸೇರುವ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಗೊತ್ತುಮಾಡುತ್ತಾರೆ. 1968ರಲ್ಲಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರನ್ನು ಡೆಮಾಕ್ರಟಿಕ್ ಪಕ್ಷದ ಮುಖಂಡರು ಷಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾಗಿಸಿದ್ದು ತೀವ್ರ ಅಸಮಾಧಾನಕ್ಕೆ ಕಾರಣವಾಗಿ, ಮುಂದೆ ಪ್ರೈಮರಿಗಳೇ ನಿರ್ಣಾಯಕವಾದವು.

ಭಾರತದ ಚುನಾವಣಾ ಆಯೋಗದಂತೆ ದೇಶದಾದ್ಯಂತ ಮತದಾನ ನಡೆಸಿ ಫಲಿತಾಂಶ ಘೋಷಿಸುವ ಸಂಸ್ಥೆ ಅಮೆರಿಕದಲ್ಲಿಲ್ಲ; ಅಲ್ಲಿನ ಫೆಡರಲ್ ಚುನಾವಣಾ ಆಯೋಗದ ವ್ಯಾಪ್ತಿ ಪ್ರಚಾರದ ಹಣಕಾಸಿಗೆ ಸೀಮಿತ. ಮತಪತ್ರದ ನಮೂನೆ, ಅಂಚೆ ಮತದ ಗಡುವು, ಮರುಎಣಿಕೆಯ ನಿಯಮ ಮುಂತಾದವನ್ನು ಆಯಾ ರಾಜ್ಯ ನಿರ್ಧರಿಸಿದರೆ, ಮತದಾನವನ್ನು ಬಹುಪಾಲು ‘ಕೌಂಟಿ’ಗಳೆಂಬ ಸ್ಥಳೀಯ ಆಡಳಿತಗಳು ನಡೆಸುತ್ತವೆ. ಈ ವಿಕೇಂದ್ರೀಕರಣದ ಕಷ್ಟ 2000ರಲ್ಲಿ ಫ್ಲಾರಿಡಾದಲ್ಲಿ ಬಯಲಾಯಿತು. ಅಲ್ಲಿನ ಹಲವು ಕೌಂಟಿಗಳಲ್ಲಿ ಮತದಾರರು ಕಾರ್ಡಿನಲ್ಲಿ ಗುರುತಿಸಿದ್ದ ಜಾಗವನ್ನು ಚೂಪಾದ ಕಡ್ಡಿಯಿಂದ ಚುಚ್ಚಿ ತೂತು ಮಾಡಬೇಕಿತ್ತು. ಕಾಗದದ ಚೂರು ಪೂರ್ತಿ ಉದುರದೆ ಅಂಚಿಗೆ ಅಂಟಿಕೊಂಡಿದ್ದರೆ ಅಥವಾ ಬರೀ ಉಬ್ಬಿದ್ದರೆ ಯಂತ್ರ ಅದನ್ನು ಎಣಿಸದೆ ಬಿಡುವ ಸಂಭವವಿತ್ತು. ಅಧಿಕಾರಿಗಳು ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು ಮತದಾರರ ಉದ್ದೇಶವನ್ನು ಊಹಿಸುತ್ತಿದ್ದಾಗ, ಎಣಿಕೆಯ ಅಳತೆಗೋಲು ಕೌಂಟಿಯಿಂದ ಕೌಂಟಿಗೆ ಬೇರೆಯಾಗುತ್ತಿತ್ತು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆಗೆ ತೆರೆ ಎಳೆದಾಗ 537 ಮತಗಳಿಂದ ಮುಂದಿದ್ದ ಜಾರ್ಜ್ ಬುಷ್, ಆ ರಾಜ್ಯದ 25 ಎಲೆಕ್ಟರ್‌ಗಳನ್ನು ಪಡೆದು ಒಟ್ಟು 271 ಮತಗಳೊಂದಿಗೆ ಅಧ್ಯಕ್ಷರಾದರು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನಮತಗಳ ಮುನ್ನಡೆಯಿದ್ದ ಅಲ್ ಗೋರ್ ಸೋತರು.

ಡಿಸೆಂಬರ್ ಮಧ್ಯದಲ್ಲಿ ಎಲೆಕ್ಟರ್‌ಗಳು ತಂತಮ್ಮ ರಾಜ್ಯಗಳಲ್ಲಿ ಸೇರಿ ಮತ ಹಾಕಿ, ಸಹಿ ಮಾಡಿದ ಪ್ರಮಾಣಪತ್ರಗಳನ್ನು ಮುದ್ರೆಯೊತ್ತಿ ವಾಷಿಂಗ್ಟನ್ನಿಗೆ ಕಳಿಸುತ್ತಾರೆ. ಜನವರಿ 6ರಂದು ಮರದ ಪೆಟ್ಟಿಗೆಗಳಲ್ಲಿ ತರಲಾಗುವ ಈ ಪತ್ರಗಳನ್ನು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಅಲಬಾಮಾದಿಂದ ಮೊದಲ್ಗೊಂಡು ಅಕ್ಷರಾನುಕ್ರಮದಲ್ಲಿ ತೆರೆದು ಎಣಿಸಲಾಗುತ್ತದೆ. ಸೆನೆಟ್ಟಿನ ಅಧ್ಯಕ್ಷತೆ ಉಪಾಧ್ಯಕ್ಷರದಾದ್ದರಿಂದ, 2001ರಲ್ಲಿ ಅಲ್ ಗೋರ್ ಮತ್ತು 2025ರಲ್ಲಿ ಕಮಲಾ ಹ್ಯಾರಿಸ್ ತಮ್ಮದೇ ಸೋಲನ್ನು ತಾವೇ ಘೋಷಿಸಬೇಕಾಯಿತು. 2021ರಲ್ಲಿ ಡೊನಾಲ್ಡ್ ಟ್ರಂಪ್ ಕೆಲವು ರಾಜ್ಯಗಳ ಮತಗಳನ್ನು ತಿರಸ್ಕರಿಸುವಂತೆ ಉಪಾಧ್ಯಕ್ಷ ಮೈಕ್ ಪೆನ್ಸ್ ಮೇಲೆ ಒತ್ತಡ ಹೇರಿದ್ದು, ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ್ದು ಈ ವಿಧಿಯ ನಡುವೆಯೇ. ಎಣಿಕೆಯಲ್ಲಿ ಉಪಾಧ್ಯಕ್ಷರದು ವಿಧ್ಯುಕ್ತ ಪಾತ್ರ ಮಾತ್ರವೆಂದೂ, ಆಕ್ಷೇಪಣೆಗೆ ಎರಡೂ ಸದನಗಳ ತಲಾ ಐದನೇ ಒಂದರಷ್ಟು ಸದಸ್ಯರ ಬೆಂಬಲ ಬೇಕೆಂದೂ 2022ರ ಕಾನೂನು ಸ್ಪಷ್ಟಪಡಿಸಿತು. ಯಾರಿಗೂ 270 ಮತ ಬಾರದಿದ್ದರೆ ಪ್ರತಿನಿಧಿ ಸಭೆ ಮೊದಲ ಮೂವರಲ್ಲಿ ಒಬ್ಬರನ್ನು ಆರಿಸುತ್ತದೆ. ಆಗ ಪ್ರತಿ ರಾಜ್ಯಕ್ಕೂ ಒಂದೇ ಮತ. ಜನವರಿ 20ರ ಮಧ್ಯಾಹ್ನ ಹೊಸ ಅವಧಿ ಆರಂಭವಾಗುತ್ತದೆ.

ಕೆಲವೇ ರಾಜ್ಯಗಳ ಕಣ

ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟಿಕ್ ಪಕ್ಷವು ಹತ್ತು ಮತದಿಂದ ಗೆದ್ದರೂ ಲಕ್ಷಾಂತರ ಮತದಿಂದ ಗೆದ್ದರೂ ದೊರೆಯುವ ಫಲ ಒಂದೇ ಆಗಿರುವುದರಿಂದ, ಫಲಿತಾಂಶ ಖಚಿತವಾಗಿರುವ ರಾಜ್ಯಗಳಲ್ಲಿ ಯಾವ ಪಕ್ಷವೂ ಪ್ರಚಾರಕ್ಕೆ ಹೆಚ್ಚು ಶ್ರಮ ಹಾಕುವುದಿಲ್ಲ. ಹಣ, ಜಾಹೀರಾತು, ಸಭೆ ಎಲ್ಲವೂ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನದಂತಹ, ಎತ್ತ ಬೇಕಾದರೂ ವಾಲಬಹುದಾದ ‘ಸ್ವಿಂಗ್’ ರಾಜ್ಯಗಳಿಗೆ ಹರಿಯುತ್ತವೆ. 2020ರಲ್ಲಿ ಜೋ ಬೈಡನ್ ದೇಶದಲ್ಲಿ ಸುಮಾರು 70 ಲಕ್ಷ ಮತಗಳಿಂದ ಮುಂದಿದ್ದು 306 ಎಲೆಕ್ಟರ್‌ಗಳನ್ನು ಗಳಿಸಿದರೂ, ಜಾರ್ಜಿಯಾ, ಅರಿಜೋನ, ವಿಸ್ಕಾನ್ಸಿನ್‌ಗಳಲ್ಲಿ ಅವರ ಒಟ್ಟು ಮುನ್ನಡೆ 43 ಸಾವಿರದ ಆಸುಪಾಸಿನಲ್ಲಿತ್ತು; ಆ ಮೂರು ರಾಜ್ಯಗಳ 37 ಎಲೆಕ್ಟರ್‌ಗಳು ಕೈತಪ್ಪಿದ್ದರೆ ಲೆಕ್ಕ 269–269 ಆಗಿ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು.

ನೇರ ಚುನಾವಣೆಯ ತಿದ್ದುಪಡಿಗೆ 1969ರಲ್ಲಿ ಪ್ರತಿನಿಧಿ ಸಭೆ 338–70 ಮತಗಳಿಂದ ಒಪ್ಪಿಗೆ ಕೊಟ್ಟರೂ, ಮರುವರ್ಷ ಸೆನೆಟ್ಟಿನಲ್ಲಿ ಚರ್ಚೆಯನ್ನು ಕೊನೆಗಾಣಿಸಲು ಬೇಕಾದಷ್ಟು ಮತ ದೊರೆಯದೆ ಅದು ಬಿದ್ದುಹೋಯಿತು. ಸಂವಿಧಾನವನ್ನು ತಿದ್ದಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತವೂ 38 ರಾಜ್ಯಗಳ ಅನುಮೋದನೆಯೂ ಬೇಕಾಗಿರುವುದರಿಂದ, 2007ರಲ್ಲಿ ಮೇರಿಲ್ಯಾಂಡ್ ಮೊದಲು ಅಂಗೀಕರಿಸಿದ ಅಂತರರಾಜ್ಯ ಒಪ್ಪಂದವೊಂದು ಬಳಸುದಾರಿಯನ್ನು ಹಿಡಿದಿದೆ: ಸದಸ್ಯ ರಾಜ್ಯಗಳ ಮತ 270 ಮುಟ್ಟಿದ ಮೇಲೆ ಅವೆಲ್ಲವೂ ದೇಶದಾದ್ಯಂತ ಹೆಚ್ಚು ಜನಮತ ಪಡೆದವರಿಗೆ ತಮ್ಮ ಎಲೆಕ್ಟರ್‌ಗಳನ್ನು ಒಪ್ಪಿಸಬೇಕು. ಬಹುಪಾಲು ಡೆಮಾಕ್ರಟಿಕ್ ಒಲವಿನ ರಾಜ್ಯಗಳೇ ಇದನ್ನು ಸೇರಿರುವುದು ಇದರ ಮಿತಿಯನ್ನು ತೋರಿಸುತ್ತದೆ. ಎಲೆಕ್ಟರ್‌ಗಳನ್ನು ನೇಮಿಸುವ ಬಗೆಯನ್ನು ನಿರ್ಧರಿಸುವ ಅಧಿಕಾರ ರಾಜ್ಯ ಶಾಸನಸಭೆಗಳ ಕೈಯಲ್ಲಿರುವವರೆಗೆ, 1800ರಲ್ಲಿ ವರ್ಜೀನಿಯಾ ಹಾಕಿದ ಲೆಕ್ಕವನ್ನೇ ಪ್ರತಿಯೊಂದು ರಾಜ್ಯವೂ ಹಾಕುತ್ತದೆ. ಎದುರು ಪಕ್ಷದ ಹಿಡಿತದಲ್ಲಿರುವ ರಾಜ್ಯಗಳೂ ಜೊತೆಗೇ ಬದಲಾಗುತ್ತವೆಂಬ ಭರವಸೆಯಿಲ್ಲದೆ, ತನ್ನ ಮತಗಳನ್ನು ತಾನಾಗಿಯೇ ಬಿಟ್ಟುಕೊಡಲು ಯಾವ ರಾಜ್ಯವೂ ಸುಲಭವಾಗಿ ಮುಂದಾಗುವುದಿಲ್ಲ.