ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿದಾಗ: ಸಣ್ಣ ವಿಮಾನದ ಇಂಜಿನ್ ಏನು ಹೇಳ್ತಿರುತ್ತೆ?

ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಮರಳಿ, ಕಾರಟಗಿ, ಗಂಗಾವತಿ ಕಡೆಯಿಂದ ಕೇಳ್ತಿರೋರಿಗೆ ಮೊದಲು ಒಂದು ಪ್ರಶ್ನೆ. ಟ್ರ್ಯಾಕ್ಟರ್ ಓಡಿಸುವಾಗ ಕೆಂಪು ಆಯಿಲ್ ಲೈಟ್ ಹತ್ತಿದರೆ ಏನು ಮಾಡ್ತೀರಿ? ಬದಿಗೆ ಹಾಕಿ, ಇಂಜಿನ್ ಬಂದ್ ಮಾಡಿ, ಕೆಳಗಿಳಿದು ಡಿಪ್‌ಸ್ಟಿಕ್ ಎಳೆದು ನೋಡ್ತೀರಿ. ಅದೇ ಸೂಚನೆ 3,000 ಅಡಿ ಎತ್ತರದಲ್ಲಿ ಬಂದರೆ? ಬದಿಗೆ ಹಾಕೋಕೆ ರಸ್ತೆ ಇಲ್ಲ. ಬಾನೆಟ್ ಎತ್ತಿ ನೋಡೋ ಹಾಗಿಲ್ಲ. ಇರೋದು ಒಂದೇ ಇಂಜಿನ್.

ಇವತ್ತಿನ ವಿಷಯ ಇದೇ. ಎರಡು ಸೀಟಿನ, ನಾಲ್ಕು ಸೀಟಿನ ಸಣ್ಣ ವಿಮಾನಗಳಲ್ಲಿ ಆಯಿಲ್ ಪ್ರೆಶರ್ ಯಾಕೆ ತಪ್ಪುತ್ತೆ, ತಪ್ಪಿದಾಗ ಪೈಲಟ್ ಏನು ಮಾಡಬೇಕು, ಕೆಳಗಿಳಿದ ಮೇಲೆ ಮೆಕ್ಯಾನಿಕ್ ಎಲ್ಲಿಂದ ಹುಡುಕೋಕೆ ಶುರು ಮಾಡ್ತಾರೆ.

ನಮಗ್ಯಾಕೆ ಈ ಮಾತು?

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯ್ತು, ಈಗ ಅಲ್ಲಿಂದಲೂ ತರಬೇತಿ ವಿಮಾನಗಳು ಏಳ್ತಾವೆ. ಬೆಳಗಾವಿಯಲ್ಲೂ ಅಷ್ಟೆ. ನಮ್ಮ ಕೊಪ್ಪಳದ ಹತ್ತಿರ ಬಸಾಪುರದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ. ಪೈಲಟ್ ಆಗಬೇಕು, ವಿಮಾನ ರಿಪೇರಿಯ ಲೈಸೆನ್ಸ್ ತಗೋಬೇಕು ಅನ್ನೋ ಹುಡುಗ ಹುಡುಗಿಯರು ಈಗ ನಮ್ಮ ಭಾಗದಲ್ಲೂ ಇದ್ದಾರೆ. ಅವರು ಮೊದಲು ಕೂರೋದು ಇಂಥ ಒಂಟಿ ಇಂಜಿನ್ ವಿಮಾನದಲ್ಲೇ.

ತುರ್ತಾಗಿ ಹೊಲಕ್ಕೆ ಇಳಿಯೋದು ಸಿನಿಮಾ ಕಥೆಯಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ಹತ್ತಿರ, ಹೊನ್ನಿಹಾಳದಲ್ಲಿ, ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊಲದಲ್ಲೇ ಇಳಿಯಿತು. ಒಳಗಿದ್ದ ಇಬ್ಬರೂ ಪಾರಾದರು.

ಮುಳ್ಳು ಅಳೆಯೋದು ಏನನ್ನ?

ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಪ್ರೆಶರ್ ಗೇಜ್ ನೋಡಿ ಆಯಿಲ್ ಎಷ್ಟಿದೆ ಅಂತ ಹೇಳೋಕೆ ಬರಲ್ಲ. ಪಂಪ್ ತಳ್ಳಿದ ಆಯಿಲ್‌ಗೆ ಮುಂದೆ ಎಷ್ಟು ತಡೆ ಸಿಗ್ತಿದೆ ಅನ್ನೋದನ್ನ ಆ ಮುಳ್ಳು ತೋರಿಸುತ್ತೆ.

ಕುಷ್ಟಗಿ ಕಡೆ ದಾಳಿಂಬೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ತಿಳಿಯುತ್ತೆ. ಮೋಟಾರು ನೀರು ತಳ್ಳುತ್ತೆ, ಫಿಲ್ಟರ್ ದಾಟಿ, ಪೈಪ್ ಹಿಡಿದು, ಸಣ್ಣ ತೂತುಗಳಿಂದ ಹನಿಯುತ್ತೆ. ತೂತು ಸಣ್ಣದಿದ್ದಷ್ಟು ಹೊತ್ತು ಪೈಪಿನಲ್ಲಿ ಪ್ರೆಶರ್ ನಿಲ್ಲುತ್ತೆ. ಒಂದು ಕಡೆ ಪೈಪ್ ಒಡೆದರೆ ಪ್ರೆಶರ್ ಬೀಳುತ್ತೆ. ಬಾವಿಯಲ್ಲಿ ನೀರು ತಳ ಮುಟ್ಟಿ ಮೋಟಾರು ಗಾಳಿ ಎಳೆದರೆ ಗೇಜಿನ ಮುಳ್ಳು ಕುಣಿಯುತ್ತೆ. ಬೈಪಾಸ್ ವಾಲ್ವ್ ತೆರೆದೇ ಉಳಿದರೆ ನೀರೆಲ್ಲ ವಾಪಸ್ ಬಾವಿಗೇ ಹೋಗುತ್ತೆ.

ಇಂಜಿನ್ ಒಳಗೂ ಇದೇ ಲೆಕ್ಕ. ಬಾವಿ ಅಂದರೆ ಕೆಳಗಿನ ಆಯಿಲ್ ಸಂಪ್. ಬೈಪಾಸ್ ಅಂದರೆ ಪ್ರೆಶರ್ ರಿಲೀಫ್ ವಾಲ್ವ್, ಸಾಮಾನ್ಯವಾಗಿ ಒಂದು ಸ್ಪ್ರಿಂಗ್, ಒಂದು ಉಕ್ಕಿನ ಗುಂಡು. ಪ್ರೆಶರ್ ಜಾಸ್ತಿ ಆದಾಗ ಗುಂಡು ಮೇಲೆದ್ದು, ಹೆಚ್ಚಾದ ಆಯಿಲನ್ನ ಸಂಪ್‌ಗೆ ಬಿಡುತ್ತೆ. ಹನಿ ತೂತು ಅಂದರೆ ಬೇರಿಂಗ್‌ಗಳ ಸಂದು. ಕ್ರ್ಯಾಂಕ್‌ಶಾಫ್ಟ್ ತಿರುಗೋದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಆ ಪದರ ಹೋಯ್ತು ಅಂದರೆ ಲೋಹಕ್ಕೆ ಲೋಹ ತಾಗುತ್ತೆ, ಬೇರಿಂಗ್ ಸುಡುತ್ತೆ, ಸ್ವಲ್ಪ ಹೊತ್ತಲ್ಲೇ ಇಂಜಿನ್ ಸೀಜ್.

ಇನ್ನೊಂದು ಮಾತು. ಸೆಸ್ನಾದಂಥ ವಿಮಾನಗಳ ಇಂಜಿನ್‌ಗೆ ಕಾರಿನ ಹಾಗೆ ರೇಡಿಯೇಟರ್ ನೀರು ಇರಲ್ಲ, ಗಾಳಿಯೇ ತಂಪು ಮಾಡಬೇಕು. ಗಾಳಿ ಮುಟ್ಟದ ಒಳಭಾಗದ ಬಿಸಿಯನ್ನ ಹೊತ್ತು ತರೋದು ಆಯಿಲ್. ಹಾಗಾಗಿ ಆಯಿಲ್ ಹೋದರೆ ಜಾರಿಕೆಯ ಜೊತೆಗೆ ತಂಪೂ ಹೋಗುತ್ತೆ.

ಎಷ್ಟಿದ್ದರೆ ಸರಿ?

ತರಬೇತಿಗೆ ಬಹಳ ಬಳಸಿದ ಸೆಸ್ನಾ 152 ತಗೊಳ್ಳಿ. ಅದರ ಸಂಪ್ 6 ಕ್ವಾರ್ಟಿನದು, ಅಂದರೆ ಸುಮಾರು ಐದೂಮುಕ್ಕಾಲು ಲೀಟರ್. ಗೇಜಿನ ಹಸಿರು ಪಟ್ಟಿ 60ರಿಂದ 90 ಪಿಎಸ್ಐ. ಇಂಜಿನ್ ಐಡಲ್‌ನಲ್ಲಿ ಇದ್ದಾಗ ಕನಿಷ್ಠ 25. ಮೇಲಿನ ಕೆಂಪು ಗೆರೆ 100. ನಿಮ್ಮ ಕಾರಿನ ಟೈರಿಗೆ 30–35 ಪಿಎಸ್ಐ ಗಾಳಿ ಹಾಕಿಸ್ತೀರಲ್ಲ, ಅದಕ್ಕೆ ಹೋಲಿಸಿ ನೋಡಿ.

ನಮ್ಮದೇ ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-ಎನ್‌ಜಿ ವಿಮಾನ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಅದರಲ್ಲಿರೋದು ರೋಟಾಕ್ಸ್ 912 ಸರಣಿಯ ಇಂಜಿನ್. ಈ ಸರಣಿಯಲ್ಲಿ ಲೆಕ್ಕ ಬಾರ್‌ನಲ್ಲಿ: 3,500 ಆರ್‌ಪಿಎಂ ಮೇಲೆ 2ರಿಂದ 5 ಬಾರ್, ಅದಕ್ಕಿಂತ ಕೆಳಗೆ ಕನಿಷ್ಠ 0.8. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್ಐ.

ನೆನಪಿಡಿ, ಪ್ರತಿ ಮಾದರಿಗೂ ಅದರದೇ ಕೈಪಿಡಿ ಇರುತ್ತೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಚ್ಚಬಾರದು.

ಸ್ಟಾರ್ಟ್ ಮಾಡಿದ ಮೊದಲ 30 ಸೆಕೆಂಡ್

ಸೆಸ್ನಾ 152 ಕೈಪಿಡಿ ಹೇಳೋದು ಇಷ್ಟೆ. ಇಂಜಿನ್ ಶುರುವಾದ ಮೇಲೆ ಬೇಸಿಗೆಯಲ್ಲಿ 30 ಸೆಕೆಂಡ್ ಒಳಗೆ ಪ್ರೆಶರ್ ತೋರಿಸೋಕೆ ಶುರು ಆಗಬೇಕು. ಬಹಳ ಚಳಿಯಿದ್ದರೆ ಅದರ ಎರಡರಷ್ಟು ಹೊತ್ತು. ಆಗಲಿಲ್ಲ ಅಂದರೆ ಇಂಜಿನ್ ಬಂದ್ ಮಾಡಿ ಕಾರಣ ಹುಡುಕಬೇಕು. "ಇನ್ನೊಂದು ಸ್ವಲ್ಪ ನೋಡೋಣ, ಏರಬಹುದು" ಅನ್ನೋಕೆ ಅಲ್ಲಿ ಜಾಗ ಇಲ್ಲ. ನೆಲದ ಮೇಲಿದ್ದಾಗ ಬಂದ್ ಮಾಡಿದರೆ ಹೋಗೋದು ಒಂದು ದಿನದ ಹಾರಾಟ, ಅಷ್ಟೆ.

ಹಾರಾಟದಲ್ಲಿ: ಎರಡು ಮುಳ್ಳು ಒಟ್ಟಿಗೆ ಓದಿ

ಇಡೀ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಡ್ತೀನಿ ಅನ್ನೋರು ಇದನ್ನ ಇಡ್ರಿ. ಪ್ರೆಶರ್ ಮುಳ್ಳನ್ನ ಒಂಟಿಯಾಗಿ ಓದಬಾರದು. ಪಕ್ಕದಲ್ಲೇ ಆಯಿಲ್ ಟೆಂಪರೇಚರ್ ಮುಳ್ಳು ಇರುತ್ತೆ, ಎರಡನ್ನೂ ಜೋಡಿಸಿ ಓದಬೇಕು.

ಒಂದು: ಪ್ರೆಶರ್ ಕಡಿಮೆ, ಟೆಂಪರೇಚರ್ ಮಾಮೂಲು. ಗೇಜ್ ಕೆಟ್ಟಿರಬಹುದು, ಅಥವಾ ರಿಲೀಫ್ ವಾಲ್ವ್ ಸರಿಯಾಗಿ ಮುಚ್ಚದೆ ಇರಬಹುದು. 152ರಲ್ಲಿ ಆಯಿಲ್‌ನ ಸಣ್ಣ ಪೈಪ್ ನೇರವಾಗಿ ಗೇಜ್ ತನಕ ಬರುತ್ತೆ. ಆ ಪೈಪ್ ಸೋರಿದರೂ ಆಯಿಲ್ ಒಮ್ಮೆಲೇ ಖಾಲಿ ಆಗದ ಹಾಗೆ ಅದರಲ್ಲಿ ಬಹಳ ಸಣ್ಣ ತೂತಿನ ತಡೆ ಇಟ್ಟಿರ್ತಾರೆ. ಹಾಗಂತ ಪ್ರಯಾಣ ಮುಂದುವರಿಸೋ ಹಾಗಿಲ್ಲ. ಹತ್ತಿರದ ವಿಮಾನ ನಿಲ್ದಾಣಕ್ಕೆ ಇಳಿದು ನೋಡಬೇಕು.

ಎರಡು: ಪ್ರೆಶರ್ ಪೂರ್ತಿ ಬಿದ್ದಿದೆ, ಟೆಂಪರೇಚರ್ ಏರ್ತಾ ಇದೆ. ಇಂಜಿನ್ ಇನ್ನು ಹೆಚ್ಚು ಹೊತ್ತು ನಡೆಯಲ್ಲ ಅಂತ ತಿಳ್ಕೊಳ್ಳಬೇಕು. ಕೂಡಲೇ ಪವರ್ ಇಳಿಸಿ, ಇಳಿಯೋಕೆ ಜಾಗ ಆರಿಸಿ, ಅಲ್ಲಿಗೆ ಮುಟ್ಟೋಕೆ ಬೇಕಾದಷ್ಟೇ ಪವರ್ ಬಳಸಬೇಕು. ಇಂಜಿನ್ ನಿಂತ ಮೇಲೆ ಜಾಗ ಹುಡುಕೋದಕ್ಕೂ, ನಿಲ್ಲೋ ಮುಂಚೆ ಹುಡುಕೋದಕ್ಕೂ ಬಹಳ ಫರಕ್ ಐತಿ. 3,000 ಅಡಿಯಿಂದ ಇಂಜಿನ್ ಇಲ್ಲದೆ ತೇಲಿಕೊಂಡು ಬಂದರೆ ಸಿಗೋದು ಸುಮಾರು 8 ಕಿಲೋಮೀಟರ್ ಮಾತ್ರ.

ಜಾಗ ಆರಿಸೋದೂ ಸುಲಭ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಭಾಗ ಮೇಲಿಂದ ಹಸಿರಾಗಿ, ಸಮತಟ್ಟಾಗಿ ಕಾಣುತ್ತೆ. ಆದರೆ ನೀರು ನಿಂತ ನೆಲ್ಲಿನ ಗದ್ದೆಯಲ್ಲಿ ಚಕ್ರ ಕೆಸರಿಗೆ ಹೂತು ವಿಮಾನ ಮೂಗಿನ ಮೇಲೆ ಮಗುಚೋ ಅಪಾಯ ಇದೆ. ಒಣ ಬೇಸಾಯದ, ಬೆಳೆ ಕೊಯ್ದ ಗಟ್ಟಿ ಹೊಲ ಸಿಕ್ಕರೆ ಎಷ್ಟೋ ವಾಸಿ. ಕರೆಂಟಿನ ತಂತಿ, ಬದು ಎಲ್ಲಿವೆ ಅಂತಲೂ ನೋಡ್ಕೋಬೇಕು. ಇದನ್ನೆಲ್ಲ ಯೋಚಿಸೋಕೆ ಎತ್ತರ ಬೇಕು, ಹೊತ್ತು ಬೇಕು. ಮೊದಲ ಸೂಚನೆಯನ್ನ ನಂಬಿದವರಿಗೆ ಮಾತ್ರ ಅವೆರಡೂ ಉಳಿದಿರುತ್ತವೆ.

ಇಲ್ಲೊಂದು ಮೋಸ ಇದೆ, ಗಮನಿಸಿ. ಆಯಿಲ್ ಪೂರ್ತಿ ಸೋರಿಹೋದರೆ ಟೆಂಪರೇಚರ್ ಸೆನ್ಸರ್‌ಗೆ ತಾಗೋಕೆ ಆಯಿಲೇ ಇರಲ್ಲ. ಆಗ ಆ ಮುಳ್ಳು ಏರದೇ ಇರಬಹುದು. ಅದಕ್ಕೇ "ಟೆಂಪರೇಚರ್ ಏರಿಲ್ಲ, ಗೇಜೇ ಸುಳ್ಳು" ಅಂತ ಗಟ್ಟಿಯಾಗಿ ನಂಬಬಾರದು. ಗಾಜಿನ ಮೇಲೆ ಆಯಿಲ್ ಹನಿ, ಸುಟ್ಟ ವಾಸನೆ, ಇಂಜಿನ್ ಸದ್ದಿನಲ್ಲಿ ಒರಟು, ಇವನ್ನೂ ಲೆಕ್ಕಕ್ಕೆ ತಗೋಬೇಕು.

ಮೂರು: ಮುಳ್ಳು ಕುಣೀತಿದೆ. ಸಂಪ್‌ನಲ್ಲಿ ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೀತಿರಬಹುದು, ಆಯಿಲ್ ನೊರೆ ಆಗಿರಬಹುದು, ವಾಲ್ವ್ ಗುಂಡಿನ ಕೆಳಗೆ ಕಸ ಸಿಕ್ಕಿರಬಹುದು. ವಿದ್ಯುತ್ ಸೆನ್ಸರ್ ಇರೋ ವಿಮಾನದಲ್ಲಿ ವೈರ್ ಸಡಿಲ ಆದರೂ ಹೀಗೇ.

ನಾಲ್ಕು: ಪ್ರೆಶರ್ ಜಾಸ್ತಿ. ತಣ್ಣಗಿನ ದಪ್ಪ ಆಯಿಲ್ ಇದ್ದಾಗ ಸ್ವಲ್ಪ ಹೊತ್ತು ಜಾಸ್ತಿ ತೋರಿಸೋದು ಸಹಜ. ಬಿಸಿಯಾದ ಮೇಲೂ ಇಳಿಯದಿದ್ದರೆ ವಾಲ್ವ್ ಅಂಟಿಕೊಂಡಿರಬಹುದು ಅಥವಾ ಗ್ರೇಡ್ ತಪ್ಪಿರಬಹುದು.

ನಮ್ಮ ಬೇಸಿಗೆಯನ್ನೂ ಮರೀಬಾರದು. 40 ಡಿಗ್ರಿ ಬಿಸಿಲಿನಲ್ಲಿ ಆಯಿಲ್ ತೆಳುವಾಗುತ್ತೆ, ಪ್ರೆಶರ್ ಸ್ವಲ್ಪ ಕೆಳಗೇ ನಿಲ್ಲುತ್ತೆ. ಹಸಿರು ಪಟ್ಟಿಯೊಳಗೆ ಇದ್ದರೆ ಸರಿ. ಅದರಿಂದ ಜಾರಿದರೆ ಬಿಸಿಲಿನ ಮೇಲೆ ಹಾಕಿ ಸುಮ್ಮನಾಗೋ ಹಾಗಿಲ್ಲ.

ಹ್ಯಾಂಗರ್‌ನಲ್ಲಿ ಹುಡುಕಾಟ

ಈಗ ವಿಮಾನ ನೆಲದ ಮೇಲಿದೆ ಅಂತ ಇಟ್ಕೊಳ್ಳಿ. ಲೈಸೆನ್ಸ್ ಇರೋ ಮೆಕ್ಯಾನಿಕ್, ಅಂದರೆ ಎಎಂಇ, ಸುಲಭದ ಕಾರಣದಿಂದ ಕಷ್ಟದ ಕಾರಣದ ಕಡೆಗೆ ಹೋಗ್ತಾರೆ.

ಮೊದಲು ಡಿಪ್‌ಸ್ಟಿಕ್: ಆಯಿಲ್ ಎಷ್ಟಿದೆ, ಯಾವ ಗ್ರೇಡು, ಬದಲಿಸಿ ಎಷ್ಟು ಗಂಟೆ ಆಯ್ತು. ರೋಟಾಕ್ಸ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತೆ. ಇಗ್ನಿಷನ್ ಆಫ್ ಮಾಡಿ, ಪ್ರೊಪೆಲ್ಲರ್ ಅನ್ನ ಅದು ತಿರುಗೋ ದಿಕ್ಕಿಗೇ ಕೈಯಿಂದ ತಿರುಗಿಸಿ, ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬಂದ ಮೇಲೆ ಅಳತೆ ನೋಡಬೇಕು. ಇಲ್ಲದಿದ್ದರೆ ಅಳತೆ ತಪ್ಪು ತೋರಿಸುತ್ತೆ.

ಗ್ರೇಡ್ ವಿಚಾರ ಬೈಕ್ ಪ್ರಿಯರಿಗೆ ಮಜಾ ಅನಿಸಬಹುದು. ರೋಟಾಕ್ಸ್ 912ರಲ್ಲಿ ಗೇರ್‌ಬಾಕ್ಸಿಗೂ ಅದೇ ಆಯಿಲ್ ಹೋಗೋದರಿಂದ ಒಳ್ಳೆಯ ಮೋಟಾರ್‌ಸೈಕಲ್ ಮಾದರಿಯ ಆಯಿಲನ್ನ ಕಂಪನಿಯೇ ಸೂಚಿಸುತ್ತೆ. ಸೆಸ್ನಾದ ಲೈಕಮಿಂಗ್ ಇಂಜಿನ್‌ಗೆ ಮಾತ್ರ ವಿಮಾನಕ್ಕೆಂದೇ ಮಾಡಿದ ಆಯಿಲ್ ಬೇಕು. ಅದಲು ಬದಲು ಮಾಡಿದರೆ ಎರಡಕ್ಕೂ ಕೆಡುಕು.

ಆಮೇಲೆ ಸೋರಿಕೆ: ಹೋಸ್, ಆಯಿಲ್ ಕೂಲರ್, ಸೀಲ್, ಡ್ರೈನ್ ಪ್ಲಗ್. ಆಮೇಲೆ ಗೇಜ್ ನಿಜ ಹೇಳ್ತಿದೆಯಾ ಅಂತ ಇನ್ನೊಂದು ಪರೀಕ್ಷಾ ಗೇಜ್ ಜೋಡಿಸಿ ತಾಳೆ ನೋಡೋದು. ಆಮೇಲೆ ರಿಲೀಫ್ ವಾಲ್ವ್ ಬಿಚ್ಚಿ ಸ್ಪ್ರಿಂಗ್, ಗುಂಡು, ಅದು ಕೂರೋ ಜಾಗ ನೋಡೋದು. ಆಮೇಲೆ ಆಯಿಲ್ ಫಿಲ್ಟರನ್ನ ಕತ್ತರಿಸಿ ಮಡಿಕೆ ಬಿಡಿಸಿ ನೋಡ್ತಾರೆ. ಅಲ್ಲಿ ಹೊಳೆಯೋ ಲೋಹದ ಚೂರು ಸಿಕ್ಕರೆ ವಿಷಯ ಗಂಭೀರ. ಬೇರಿಂಗ್ ಸವೀತಿದೆ, ಸಂದು ಅಗಲ ಆಗಿದೆ, ಇಂಜಿನ್ ಬಿಚ್ಚಬೇಕಾಗುತ್ತೆ.

ಮುಳ್ಳನ್ನ ಸಮಾಧಾನ ಮಾಡಬೇಡಿ

ಹಳೇ ಟ್ರ್ಯಾಕ್ಟರ್ ಮಾರೋ ಮುಂಚೆ ದಪ್ಪ ಆಯಿಲ್ ತುಂಬಿ ಪ್ರೆಶರ್ ಚೆನ್ನಾಗಿ ತೋರಿಸೋ ಚಾಳಿ ಕೆಲವರಿಗಿದೆ. ವಿಮಾನದಲ್ಲೂ ಇಂಥದೇ ಒಂದು ಆಸೆ ಹುಟ್ಟಬಹುದು. ಕೆಲವು ಲೈಕಮಿಂಗ್ ಇಂಜಿನ್‌ಗಳಲ್ಲಿ ರಿಲೀಫ್ ವಾಲ್ವ್‌ಗೆ ಹೊಂದಿಸೋ ಸ್ಕ್ರೂ ಇರುತ್ತೆ, ಕೆಲವದರಲ್ಲಿ ವಾಷರ್ ಹಾಕಿ ಹೊಂದಿಸ್ತಾರೆ. ಕಾರಣ ಹುಡುಕದೆ ಅದನ್ನ ಬಿಗಿ ಮಾಡಿದರೆ ಮುಳ್ಳು ಹಸಿರಿಗೆ ಬರುತ್ತೆ, ಸವೆದ ಬೇರಿಂಗ್ ಮಾತ್ರ ಸವೆದೇ ಇರುತ್ತೆ. ಮುಂದೆ ಆ ವಿಮಾನದಲ್ಲಿ ಒಂಟಿಯಾಗಿ ಏರೋ ವಿದ್ಯಾರ್ಥಿಗೆ ಸಿಗಬೇಕಾದ ಎಚ್ಚರಿಕೆಯನ್ನ ನಾವು ಕಿತ್ತುಕೊಂಡ ಹಾಗೆ ಆಗುತ್ತೆ. ಹೊಂದಿಸೋದು ತಪ್ಪಲ್ಲ, ಉಳಿದ ಕಾರಣಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ಕೈಪಿಡಿ ಹೇಳಿದಷ್ಟೇ ಹೊಂದಿಸಬೇಕು.

ತರಬೇತಿಗೆ ಹೋಗೋ ಕನಸಿರೋರು ಈಗಿಂದಲೇ ಒಂದು ರೂಢಿ ಮಾಡ್ಕೊಳ್ಳಿ. ಮನೆಯ ಟ್ರ್ಯಾಕ್ಟರ್‌ನ ಆಯಿಲ್ ಗೇಜ್ ತಣ್ಣಗಿದ್ದಾಗ ಎಲ್ಲಿ ನಿಲ್ಲುತ್ತೆ, ಬಿಸಿಯಾದಾಗ ಎಲ್ಲಿ ನಿಲ್ಲುತ್ತೆ ಅಂತ ವಾರಕ್ಕೊಮ್ಮೆ ಬರೆದಿಡಿ. ಗೇಜ್ ಇಲ್ಲದೆ ಬರೀ ಲೈಟ್ ಇದ್ದರೆ, ಚಾವಿ ತಿರುಗಿಸಿದಾಗ ಅದು ಹತ್ತಿ, ಇಂಜಿನ್ ಶುರುವಾದ ಕೂಡಲೇ ಆರುತ್ತಾ ಅಂತ ನೋಡಿ. ಓಡುವಾಗ ಹತ್ತಿದರೆ ಊರು ಮುಟ್ಟೋ ತನಕ ಅಂತ ಎಳೀಬೇಡಿ, ಅಲ್ಲೇ ಬಂದ್ ಮಾಡಿ.

ಪ್ರಶ್ನೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸ್ರಿ. ಮತ್ತೆ ಸಿಗೋಣ.