ಬೀಜವೂ ಭರಣಿಯೂ

ವಾರ್ಷಿಕೋತ್ಸವವೋ ವಸ್ತುಪ್ರದರ್ಶನವೋ ಮುಗಿದ ಮೇಲೆ, ಬಾಗಿಲ ಬಳಿ ಇಟ್ಟ ಅಭಿಪ್ರಾಯದ ಪುಸ್ತಕವನ್ನು ತೆರೆದರೆ ನಮಗೆ ಕಾಣುವದೇನು? ‘ಬಹಳ ಚೆನ್ನಾಗಿತ್ತು’ ಎಂಬ ಮಾತು ಹತ್ತಾರು ಸಾರಿ. ಅದರ ಕೆಳಗೆ ಊರಿನ ಗಣ್ಯರ ರುಜುಗಳು. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದ ತಾಯಂದಿರು, ಅಡಿಗೆಮನೆಯಲ್ಲಿ ದುಡಿದವರು, ಚಿಕ್ಕ ತರಗತಿಯ ಹುಡುಗಿಯರು, ಇವರ ಮನಸ್ಸಿನಲ್ಲಿದ್ದದ್ದು ಆ ಪುಸ್ತಕದಲ್ಲಿ ಬರುವದಿಲ್ಲ. ಬರೆಯಲಾರದವರು ಕೆಲವರಾದರೆ, ಬರೆಯಲು ಅಂಜುವವರು ಹಲವರು.

ಈ ಕೊರತೆಯನ್ನು ನೀಗುವದಕ್ಕೆ ಜನರು ಆಟದಂಥ ಉಪಾಯಗಳನ್ನು ಹೂಡಿರುವರು. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದರು ಎರಡು ಪಾರದರ್ಶಕ ಪೆಟ್ಟಿಗೆಗಳನ್ನಿಟ್ಟು, ಆ ರಾಜ್ಯದ ಗವರ್ನರರನ್ನು ಕುರಿತು ಒಂದೇ ಪ್ರಶ್ನೆ ಕೇಳಿದರು. ನೋಡಬಂದವರು ಹೌದು, ಇಲ್ಲ ಎಂಬ ಪೆಟ್ಟಿಗೆಗಳಲ್ಲೊಂದಕ್ಕೆ ಚೀಟಿ ಹಾಕಿದರು; ‘ಹೌದು’ ಎಂಬದು ಸುಮಾರು ಎರಡರಷ್ಟಾಯಿತು. 2015ರಲ್ಲಿ ಲಂಡನಿನ ಬೀದಿಯೊಂದರಲ್ಲಿ ಹಬ್ಬಬ್ ಎಂಬ ಧರ್ಮಸಂಸ್ಥೆಯವರು ಎರಡು ಕಿಂಡಿಗಳ ಪೆಟ್ಟಿಗೆಯನ್ನು ನಿಲ್ಲಿಸಿ, ರೊನಾಲ್ಡೊ, ಮೆಸ್ಸಿ ಇವರಲ್ಲಿ ಉತ್ತಮ ಕಾಲ್ಚೆಂಡಾಟಗಾರನು ಯಾರೆಂದು ಕೇಳಿದರು. ಸೇದಿ ಬಿಟ್ಟ ಸಿಗರೇಟಿನ ತುಂಡೇ ಅಲ್ಲಿ ಉತ್ತರ. ಬೀದಿಗೆ ಬೀಳತಕ್ಕ ಕಸವು ಪೆಟ್ಟಿಗೆಗೆ ಬಿತ್ತು.

ದೂರದ ಮಾತೇಕೆ? ನಮ್ಮ ದೇಶದ 1951–52ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆಯಿದ್ದು, ಅದರ ಮೇಲೆ ಅವರವರ ಚಿಹ್ನೆಯನ್ನು ಅಂಟಿಸಿದ್ದರು. ಆದಕಾರಣ ಅಕ್ಷರವರಿಯದವರೂ ಮರೆಯಲ್ಲಿ ನಿಂತು, ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಲು ಶಕ್ತರಾದರು.

ನಾವೂ ಒಮ್ಮೆ ನಮ್ಮ ಶಾಲೆಯ ಉತ್ಸವದಲ್ಲಿ ಇದನ್ನು ಪರೀಕ್ಷಿಸಿ ನೋಡಿದೆವು. ಒಂದೇ ಅಳತೆಯ ನಾಲ್ಕು ಗಾಜಿನ ಭರಣಿಗಳ ಮೇಲೆ ಪುಸ್ತಕ, ಚೆಂಡು, ನೀರಿನ ಕೊಡ, ಬಾಗಿಲು ಇವುಗಳ ಚಿತ್ರಗಳನ್ನು ಅಂಟಿಸಿ, ಬಂದವರಿಗೆಲ್ಲ ಒಂದೊಂದು ಹುಣಿಸೆ ಬೀಜವನ್ನು ಕೊಟ್ಟೆವು. ಉತ್ಸವದ ಹಣದಿಂದ ಮೊದಲು ಯಾವದನ್ನು ಸರಿಪಡಿಸಬೇಕು, ಗ್ರಂಥಾಲಯವನ್ನೋ, ಆಟದ ಬಯಲನ್ನೋ, ಕುಡಿಯುವ ನೀರನ್ನೋ, ಶೌಚಗೃಹದ ಬಾಗಿಲುಗಳನ್ನೋ ಎಂಬದೇ ಪ್ರಶ್ನೆ. ಪುಸ್ತಕದ ಭರಣಿಯೇ ತುಂಬುವದೆಂದು ನಾವು ನಂಬಿದ್ದೆವು. ಮೊದಲನೆಯ ಗಂಟೆಯಲ್ಲಿ ಹಾಗೆಯೇ ಆಯಿತು. ಬಾಗಿಲಿನ ಭರಣಿಯಲ್ಲಿ ಬಿದ್ದದ್ದು ಮೂರೇ ಬೀಜ.

ಆಗ ನಮ್ಮ ಆಯಮ್ಮನವರು ಬಂದು, “ಅಮ್ಮಾ, ಎಲ್ಲರೂ ನೋಡುತ್ತಿರುವಾಗ ಹುಡುಗಿಯರು ಅದಕ್ಕೆ ಹೇಗೆ ಹಾಕಿಯಾರು?” ಎಂದು ಮೆಲ್ಲಗೆ ಕೇಳಿದರು. ಕೂಡಲೇ ಮೇಜನ್ನು ಪರದೆಯ ಹಿಂದಿಟ್ಟು, ಭರಣಿಗಳಿಗೆ ಕಾಗದ ಸುತ್ತಿಸಿದೆವು. ಸಂಜೆ ಎಣಿಸುವಾಗ ಬಾಗಿಲಿನ ಭರಣಿಯು ಕಂಠದವರೆಗೆ ತುಂಬಿತ್ತು. ಚಿಲಕವಿಲ್ಲದ ಆ ಬಾಗಿಲುಗಳ ಮುಂದೆ ನಾವು ದಿನಾಲು ಹಾದುಹೋಗುತ್ತಿದ್ದೆವು. ಒಬ್ಬ ಹುಡುಗಿಯೂ ನಮ್ಮೊಡನೆ ಬಾಯಿ ಬಿಟ್ಟಿರಲಿಲ್ಲ. ಇದನ್ನು ಬರೆಯುವಾಗಲೂ ನಮಗೆ ನಾಚಿಕೆಯಾಗುತ್ತದೆ.

ಈ ಉಪಾಯವನ್ನು ಕೈಕೊಳ್ಳುವವರು ನೆನಪಿಡತಕ್ಕ ಸಂಗತಿಗಳು ನಾಲ್ಕು. ಪ್ರಶ್ನೆಯು ಒಂದೇ ಇರಲಿ. ಒಬ್ಬರಿಗೆ ಒಂದೇ ಬೀಜವಿರಲಿ. ಸಂಕೋಚದ ವಿಷಯವಾದರೆ ಪರದೆಯಿರಲಿ; ತುಂಬಿದ ಭರಣಿಯು ಕಣ್ಣಿಗೆ ಬಿದ್ದರೆ ಹಿಂದೆ ಬಂದವರು ಅದನ್ನೇ ಹಿಂಬಾಲಿಸುವ ಸಂಭವವೂ ಉಂಟು. ಕಡೆಯದಾಗಿ, ಎಲ್ಲರ ಮುಂದೆ ಎಣಿಸಿ, ಬಂದ ಉತ್ತರದಂತೆ ನಡೆಯಬೇಕು. ನಡೆಯಲು ಮನಸ್ಸಿಲ್ಲದವರು ಕೇಳದಿರುವದೇ ಲೇಸು. ಕೇಳಿ ಸುಮ್ಮನಿದ್ದರೆ ಮುಂದಿನ ಸಾರಿ ಬೀಜಗಳು ನೆಲಕ್ಕೆ ಬೀಳುವವು.

ಮರುದಿನದ ಪ್ರಾರ್ಥನೆಯ ಹೊತ್ತಿಗೆ ಎಣಿಕೆಯನ್ನು ಓದಿ ಹೇಳಿದೆವು. ಆ ತಿಂಗಳೊಳಗೆ ಬಾಗಿಲುಗಳಿಗೆ ಚಿಲಕಗಳು ಬಂದವು. ಗ್ರಂಥಾಲಯವು ಒಂದು ವರುಷ ಕಾಯಿತು. ಕಾಣಿಕೆಯ ಪೆಟ್ಟಿಗೆಯಲ್ಲಿ ಬಡ ವಿಧವೆಯು ಹಾಕಿದ ಎರಡು ಕಾಸುಗಳನ್ನು ನಮ್ಮ ಕರ್ತನು ಕಂಡನಲ್ಲವೇ? ಚಿಕ್ಕ ಕೈಯಿಂದ ಬಿದ್ದ ಒಂದು ಬೀಜವನ್ನು ಕಾಣುವ ಕಣ್ಣನ್ನು ಆತನು ನಮಗೂ ದಯಪಾಲಿಸಲಿ.