ಮೂಲೆ ಸೇರಿದ ಲ್ಯಾಪ್‌ಟಾಪ್‌ಗೆ ಇನ್ನೊಂದು ದಾರಿ

ನಿಮ್ಮ ಮನೆಯ ಕಪಾಟಿನಲ್ಲೋ ಮಂಚದಡಿಯ ಪೆಟ್ಟಿಗೆಯಲ್ಲೋ ಒಂದು ಹಳೆಯ ಲ್ಯಾಪ್‌ಟಾಪ್ ಇದೆಯೇ? ಮಗನ ಕಾಲೇಜಿಗೆಂದು ಕೊಂಡದ್ದಿರಬಹುದು, ಗಲ್ಫ್‌ನಿಂದ ರಜೆಗೆ ಬಂದ ತಮ್ಮ ಬಿಟ್ಟುಹೋದದ್ದಿರಬಹುದು, ಕೊರೋನಾ ಕಾಲದ ಆನ್‌ಲೈನ್ ತರಗತಿಗಾಗಿ ಸೆಕೆಂಡ್ ಹ್ಯಾಂಡ್ ತಂದದ್ದಿರಬಹುದು. ಗುಂಡಿ ಒತ್ತಿದರೆ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಕಾದು ಉಕ್ಕಿರುತ್ತದೆ. "ಇದು ಮುಗಿಯಿತು, ಹೊಸದು ತೆಗೆದುಕೊಡಿ" ಎಂದು ಮಕ್ಕಳ ರಾಗ. ಹೊಸದೆಂದರೆ ಮೂವತ್ತು ನಲವತ್ತು ಸಾವಿರ ರೂಪಾಯಿಯ ಮಾತು.

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ. ಬಹಳಷ್ಟು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೆಟ್ಟಿರುವುದು ಯಂತ್ರವಲ್ಲ. ಅದರೊಳಗಿನ ತಂತ್ರಾಂಶ ಯಂತ್ರದ ಶಕ್ತಿಗೆ ಮೀರಿ ಭಾರವಾಗಿದೆ, ಇಲ್ಲವೇ ಅದರ ಕಾಲ ಮುಗಿದಿದೆ. ಮೈಕ್ರೋಸಾಫ್ಟ್ ಕಂಪೆನಿ 2015ರಲ್ಲಿ ತಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಬೇರೆಯಾಗಿ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಕೊಡುವುದಾಗಿ ಹೇಳಿತು. ಬೆಂಬಲ ನಿಂತಿತೆಂದರೆ ಲ್ಯಾಪ್‌ಟಾಪ್ ಆ ದಿನವೇ ನಿಲ್ಲುವುದಿಲ್ಲ, ನಡೆಯುತ್ತಲೇ ಇರುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದೆಂದರೆ ಚಿಲಕ ಸಡಿಲವಾದ ಬಾಗಿಲಿನ ಮನೆಯಲ್ಲಿ ಒಡವೆ ಇಟ್ಟ ಹಾಗೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಎಲ್ಲ ಯಂತ್ರವನ್ನೂ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ 8ನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದು ಬೇಕು. ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಇದೇ ಕಾರಣಕ್ಕೆ ಮೂಲೆ ಸೇರಿವೆ.

ಆಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಪೇಟೆಯ ಅಂಗಡಿಗೆ ಒಯ್ದು "ಫಾರ್ಮ್ಯಾಟ್ ಮಾಡಿಕೊಡಿ" ಎನ್ನುತ್ತೇವೆ. ನನ್ನ ಆತಂಕ ಶುರುವಾಗುವುದು ಇಲ್ಲಿ. ಆ ಲ್ಯಾಪ್‌ಟಾಪ್‌ನಲ್ಲಿ ಮನೆಯ ಮದುವೆಯ ಫೋಟೋಗಳಿವೆ, ಮಗಳ ಸರ್ಟಿಫಿಕೇಟ್‌ಗಳಿವೆ, ಆಧಾರ್, ಪಾಸ್‌ಪೋರ್ಟ್‌ಗಳ ಪ್ರತಿಗಳಿವೆ. ಮನೆಗೆ ಅಪರಿಚಿತರು ಬಂದರೆ ಒಳಕೋಣೆಯ ಪರದೆ ಎಳೆಯುವ ನಾವು, ಇಡೀ ಮನೆಯ ಚಿತ್ರಗಳಿರುವ ಯಂತ್ರವನ್ನು ಪಾಸ್‌ವರ್ಡ್ ಸಮೇತ ಕೊಟ್ಟು, "ನಾಳೆ ಸಂಜೆ ಬರುತ್ತೇವೆ" ಎಂದು ಹೊರಟುಬಿಡುತ್ತೇವೆ. ಅಂಗಡಿಯವರೆಲ್ಲ ಕೆಟ್ಟವರೆಂದು ಹೇಳುತ್ತಿಲ್ಲ. ಹೆಚ್ಚಿನವರು ಮರ್ಯಾದೆಯಿಂದ ದುಡಿದು ತಿನ್ನುವವರು. ಆದರೂ ನಮ್ಮ ಅಮಾನತನ್ನು ನಾವೇ ಕಾಯುವುದು ಒಳ್ಳೆಯದಲ್ಲವೇ?

ಎರಡನೆಯ ಮಾತು ಹಲಾಲಿನದ್ದು. ಪರವಾನಗಿ ಇಲ್ಲದ 'ಕ್ರ್ಯಾಕ್' ವಿಂಡೋಸನ್ನು ಹಾಕಿಸಿಕೊಳ್ಳುವುದು ನಮ್ಮಲ್ಲಿ ಎಷ್ಟು ಮಾಮೂಲಿಯಾಗಿದೆಯೆಂದರೆ ಅದನ್ನು ಯಾರೂ ತಪ್ಪೆಂದು ಎಣಿಸುವುದೇ ಇಲ್ಲ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ಸೇರಿದಾಗ, ಬರಹ, ಆವಿಷ್ಕಾರ, ವ್ಯಾಪಾರದ ಹೆಸರು ಇವುಗಳ ಮೇಲಿನ ಹಕ್ಕುಗಳು ಶರೀಅತ್‌ನಲ್ಲಿ ಮಾನ್ಯವಾದವು, ಅವುಗಳ ಅತಿಕ್ರಮಣ ಸಲ್ಲದು ಎಂದು ನಿರ್ಣಯ ಮಾಡಿದೆ. ಸಾಫ್ಟ್‌ವೇರ್ ಕೂಡ ಒಬ್ಬರ ಶ್ರಮದ ಬರಹವೇ ಎಂಬುದು ನನ್ನ ತಿಳುವಳಿಕೆ. ದೀನಿನ ಮಾತು ಒತ್ತಟ್ಟಿಗಿರಲಿ, ಕ್ರ್ಯಾಕ್ ಮಾಡಿದ ಪ್ರತಿಯೊಳಗೆ ಯಾರು ಏನು ಸೇರಿಸಿದ್ದಾರೆಂದು ನಮಗೆ ತಿಳಿಯುವ ದಾರಿಯಾದರೂ ಎಲ್ಲಿದೆ?

ಇಲ್ಲಿ ನೆರವಿಗೆ ಬರುವುದು ಲಿನಕ್ಸ್. ವಿಂಡೋಸ್ ಇರುವ ಜಾಗದಲ್ಲಿ ಹಾಕಿಕೊಳ್ಳಬಹುದಾದ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ಅದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಇದರ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳು ಅದರ ಜೊತೆ ಸೇರಿದವು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಲಿನಕ್ಸ್ ತಿರುಳು ಇದೆ. ಅಂದರೆ ಗೊತ್ತಿಲ್ಲದೆಯೇ ನೀವು ದಿನವೂ ಲಿನಕ್ಸ್ ಬಳಸುತ್ತಿದ್ದೀರಿ! ಇದನ್ನು ಬಳಸಲು, ಪ್ರತಿ ಮಾಡಲು, ನೆರೆಮನೆಗೆ ಕೊಡಲು ಬರೆದವರೇ ಅನುಮತಿ ಕೊಟ್ಟಿದ್ದಾರೆ. ಕದ್ದದ್ದಲ್ಲ, ಕೊಟ್ಟದ್ದು.

ಇದು ಇಂಜಿನಿಯರುಗಳಿಗೆ ಮಾತ್ರ ಎಂದು ಹೆದರುವವರು ಗಡಿಯಾಚೆ ನೋಡಬೇಕು. ಕೇರಳದ ಸರಕಾರಿ ಶಾಲೆಗಳಲ್ಲಿ 2000ರ ದಶಕದಿಂದಲೇ ಐಟಿ ಪಾಠ ಲಿನಕ್ಸ್‌ನಲ್ಲಿ ನಡೆಯುತ್ತಿದೆ. ಶಾಲೆಗಳಿಗೆ ಬೇಕಾದ ಆವೃತ್ತಿಯನ್ನು 'ಕೈಟ್' ಎಂಬ ಸರಕಾರಿ ಸಂಸ್ಥೆಯೇ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಹತ್ತನೆಯ ತರಗತಿಯ ಹುಡುಗಿಗೆ ಸಾಧ್ಯವಾದದ್ದು ಅವಳ ತಾಯಿಗೆ ಆಗದೇ?

ಲಿನಕ್ಸ್‌ನಲ್ಲಿ ನೂರಾರು ಬಗೆಗಳಿವೆ. ಹೊಸಬರನ್ನು ಗಲಿಬಿಲಿ ಮಾಡುವುದೇ ಅದು. ಎಲ್ಲವನ್ನೂ ಬದಿಗಿಟ್ಟು 'ಲಿನಕ್ಸ್ ಮಿಂಟ್' ಒಂದನ್ನೇ ನೋಡಿ. 2006ರಲ್ಲಿ ಶುರುವಾದದ್ದು, ನೋಟದಲ್ಲಿ ಹಳೆಯ ವಿಂಡೋಸಿಗೆ ಹತ್ತಿರ. ಎಡಮೂಲೆಯಲ್ಲಿ ಮೆನು, ಕೆಳಗೆ ಪಟ್ಟಿ. ಇದರ ಮೂರು ರೂಪಗಳಲ್ಲಿ ಎಕ್ಸ್‌ಎಫ್‌ಸಿಇ ಎಂಬುದು ಹಗುರ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕೆಂದು ಮಿಂಟ್‌ನವರು ಹೇಳುತ್ತಾರೆ, 4 ಜಿಬಿ ಇದ್ದರೆ ನೆಮ್ಮದಿ. 22ರ ಸರಣಿಗೆ 2029ರವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ.

ಲಿನಕ್ಸ್‌ನ ಅತಿ ದೊಡ್ಡ ಅನುಕೂಲವೆಂದರೆ ಹಾಕಿಕೊಳ್ಳದೆಯೇ ಪರೀಕ್ಷಿಸಬಹುದು. ಬಟ್ಟೆ ಅಂಗಡಿಯಲ್ಲಿ ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡಿದ ಹಾಗೆ. 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಲಿನಕ್ಸ್‌ಮಿಂಟ್ ಡಾಟ್ ಕಾಮ್ ತಾಣದಿಂದ ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಳ್ಳಿ. ಮೊಬೈಲ್ ಡಾಟಾ ಲೆಕ್ಕವಿಟ್ಟು ಮಾಡಿ. ಆ ಕಡತವನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಪ್ರಯೋಜನವಿಲ್ಲ. 'ಎಚ್ಚರ್' ಅಥವಾ 'ರೂಫಸ್' ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಬರೆಯಬೇಕು. ಬಳಿಕ ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ಕಂಪೆನಿಯ ಹೆಸರು ಮೂಡುವಾಗ ಒಂದು ಕೀಲಿಯನ್ನು ಬಿಡದೆ ತಟ್ಟುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದರೆ ಕೆಲವು ನಿಮಿಷಗಳಲ್ಲಿ ಮಿಂಟ್ ನಿಮ್ಮ ಮುಂದಿರುತ್ತದೆ. ಒಂದು ಎಚ್ಚರಿಕೆ: ಬಹಳ ಕಾಲ ಬಿದ್ದಿದ್ದ ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಚಾಲೂ ಮಾಡಲೂಬೇಡಿ, ಚಾರ್ಜಿಗೂ ಹಾಕಬೇಡಿ.

ಈ ಹಂತದಲ್ಲಿ ನಿಮ್ಮ ವಿಂಡೋಸ್‌ಗೆ ಏನೂ ಆಗಿಲ್ಲ. ಪರದೆಯ ಮೇಲಿರುವ 'ಇನ್‌ಸ್ಟಾಲ್' ಚಿತ್ರವನ್ನು ಒತ್ತದಿದ್ದರೆ ಸಾಕು. ಅಸರ್‌ನಿಂದ ಮಗ್ರಿಬ್‌ವರೆಗೆ ಕೂತು ಎಲ್ಲವನ್ನೂ ತಟ್ಟಿ ನೋಡಿ. ವೈಫೈ ಸಿಗುತ್ತದೆಯೇ? ಧ್ವನಿ ಬರುತ್ತದೆಯೇ? ಕ್ಯಾಮರಾ ಕಾಣಿಸುತ್ತದೆಯೇ? ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ, ಹಾಕಿಕೊಂಡ ಮೇಲೆ ಚುರುಕು. ವೈಫೈ ಬರದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಇಂಟರ್‌ನೆಟ್ ಸಿಕ್ಕಿತೆಂದರೆ 'ಡ್ರೈವರ್ ಮ್ಯಾನೇಜರ್' ಬೇಕಾದುದನ್ನು ಹುಡುಕಿಕೊಡುವ ಸಾಧ್ಯತೆ ಹೆಚ್ಚು.

ಇದೇ ಪೆನ್‌ಡ್ರೈವ್‌ನ ಇನ್ನೊಂದು ಉಪಕಾರವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ವಿಂಡೋಸ್ ತೆರೆದುಕೊಳ್ಳದೆ ಕೈಕೊಟ್ಟ ದಿನ, ಫೋಟೋಗಳೆಲ್ಲ ಹೋದವೆಂದು ಅಳುತ್ತಾ ಅಂಗಡಿಗೆ ಓಡಬೇಕಿಲ್ಲ. ಪೆನ್‌ಡ್ರೈವ್‌ನಿಂದ ಮಿಂಟ್ ತೆರೆಯಿರಿ. ಕಡತಗಳ ಕಿಟಕಿಯ ಎಡಬದಿಯಲ್ಲಿ ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ಕಾಣಿಸುತ್ತದೆ. ಅದರಲ್ಲಿ 'ಯೂಸರ್ಸ್', ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಪಿಕ್ಚರ್ಸ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್. ಇನ್ನೊಂದು ಡಿಸ್ಕ್ ಸಿಕ್ಕಿಸಿ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ನಮ್ಮ ಹೆಣ್ಣುಮಕ್ಕಳ ಚಿತ್ರಗಳನ್ನು ಹೊರಗಿನ ಒಂದು ಕಣ್ಣೂ ನೋಡದಂತೆ ಮನೆಯೊಳಗೇ ಕೆಲಸ ಮುಗಿಯುತ್ತದೆ. ಎರಡು ಕಡೆ ಮಾತ್ರ ಇದು ನಡೆಯದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಕೀಲಿ ಸಂಖ್ಯೆ ಬೇಕು. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು, ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಸಾಯುತ್ತಿದೆ ಎಂದರ್ಥ. ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರಿಗೆ ತೋರಿಸಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಆಗದ್ದನ್ನೂ ಹೇಳದಿದ್ದರೆ ಅದು ವ್ಯಾಪಾರಿಯ ಮಾತಾದೀತು. ಟ್ಯಾಲಿ, ಫೋಟೋಶಾಪ್, ಕೋರೆಲ್ ಡ್ರಾ, ಕಂಪ್ಯೂಟರಿನಲ್ಲಿ ಹಾಕುವ ಎಂಎಸ್ ಆಫೀಸ್ ಇವು ಲಿನಕ್ಸ್‌ಗೆಂದು ಮಾಡಿದವಲ್ಲ. ಯಜಮಾನರ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ. ಮಕ್ಕಳ ಕೆಲವು ಆನ್‌ಲೈನ್ ಪರೀಕ್ಷೆಗಳ ಸಾಫ್ಟ್‌ವೇರ್ ವಿಂಡೋಸನ್ನೇ ಕೇಳುತ್ತದೆ. ಎಚ್‌ಪಿ ಪ್ರಿಂಟರುಗಳು ಹೆಚ್ಚಾಗಿ ಸುಲಭದಲ್ಲಿ ಹೊಂದಿಕೊಳ್ಳುತ್ತವೆ. ನಮ್ಮ ಕಡೆ ಬಹಳ ಕಾಣಸಿಗುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಹಟಮಾರಿ. ಇನ್ನುಳಿದಂತೆ ಪತ್ರ, ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಜೊತೆಯಲ್ಲೇ ಬರುತ್ತದೆ, ವರ್ಡ್ ಕಡತಗಳನ್ನೂ ತೆರೆಯುತ್ತದೆ. ಯೂಟ್ಯೂಬ್, ವಾಟ್ಸ್ಆ್ಯಪ್ ವೆಬ್, ಗೂಗಲ್ ಮೀಟ್ ಎಲ್ಲ ಬ್ರೌಸರ್‌ನಲ್ಲಿ ಮಾಮೂಲಿನಂತೆ.

ಕನ್ನಡ ಬರೆಯುವವರಿಗೆ ಸಿಹಿಸುದ್ದಿ ಇದೆ. ಕೀಬೋರ್ಡ್ ಸೆಟ್ಟಿಂಗ್‌ನ 'ಲೇಔಟ್' ಪಟ್ಟಿಗೆ ಹೋದರೆ ಕನ್ನಡದ ಎರಡು ಬಗೆ ಸಿಗುತ್ತವೆ. ಅವುಗಳಲ್ಲಿ 'ಕಗಪ' ಎಂದಿರುವುದು ಕನ್ನಡ ಗಣಕ ಪರಿಷತ್ತಿನದು, ನುಡಿ ಬಳಸಿದವರ ಕೈಗೆ ಬೇಗ ಒಗ್ಗುತ್ತದೆ. ಅದೇ ಪಟ್ಟಿಯಲ್ಲಿ ಉರ್ದು, ಅರಬಿ ಕೂಡ ಇವೆ. ಮದ್ರಸದ ಪ್ರಶ್ನೆಪತ್ರಿಕೆ ತಯಾರಿಸುವ ಉಸ್ತಾದರಿಗೆ ಒಂದೇ ಪುಟದಲ್ಲಿ ಮೂರು ಲಿಪಿ ಬರೆಯಲು ಇದು ಸಾಕು. ಆದರೆ ಹಳೆಯ ನುಡಿಯಲ್ಲಿ ಟೈಪ್ ಮಾಡಿಟ್ಟ ಕಡತಗಳು ಯೂನಿಕೋಡ್ ಅಲ್ಲ, ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಅವನ್ನು ಯೂನಿಕೋಡ್‌ಗೆ ಬದಲಿಸಿಡಿ.

ಮುಸ್ಲಿಮರಿಗೆಂದೇ ಒಂದು ಲಿನಕ್ಸ್ ಇದೆಯಂತೆ ಎಂದು ಯಾರಾದರೂ ಹೇಳಿಯಾರು. ಇತ್ತು, ನಿಜ. 2007ರಲ್ಲಿ 'ಉಬುಂಟು ಮುಸ್ಲಿಮ್ ಎಡಿಷನ್' ಎಂದು ಶುರುವಾಗಿ, ಬಳಿಕ 'ಸಬೀಲಿ', ಅಂದರೆ 'ನನ್ನ ದಾರಿ' ಎಂಬ ಹೆಸರು ಪಡೆಯಿತು. ನಮಾಝಿನ ಸಮಯ ತಿಳಿಸುವ, ಕುರ್‌ಆನ್ ಓದುವ ಸಾಫ್ಟ್‌ವೇರ್‌ಗಳು, ಮಕ್ಕಳಿಗೆ ಕೆಟ್ಟ ತಾಣಗಳನ್ನು ತಡೆಯುವ ಏರ್ಪಾಡು ಅದರಲ್ಲಿದ್ದವು. 2011ರ ಆವೃತ್ತಿಯ ನಂತರ ಅದು ನಿಂತುಹೋಯಿತು. ಈಗ ಎಲ್ಲಾದರೂ ಸಿಕ್ಕರೂ ಹಾಕಿಕೊಳ್ಳಬೇಡಿ, ಅದಕ್ಕೆ ಭದ್ರತಾ ತಿದ್ದುಪಡಿಗಳಿಲ್ಲ.

ನೋಡಿ ಮನಸ್ಸಿಗೆ ಒಪ್ಪಿತೆಂದರೆ ಮುಂದಿನದು ಇನ್‌ಸ್ಟಾಲ್. ಅದಕ್ಕೂ ಮೊದಲು ಎಲ್ಲ ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು. ಒಂದೆರಡು ಫೋಟೋ ತೆರೆದು ಸರಿಯಾಗಿದೆಯೇ ನೋಡಿಕೊಳ್ಳಿ. ದಾರಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ವಿಂಡೋಸ್ ಜೊತೆಗೇ ಇರಲೋ, ಡಿಸ್ಕನ್ನೆಲ್ಲ ಅಳಿಸಲೋ? ಅಳಿಸುವುದನ್ನು ಆರಿಸಿದರೆ ಮರಳಿ ತರಲಾಗದು. ಡಿಸ್ಕಿನಲ್ಲಿ ಜಾಗವಿದ್ದರೆ ಮೊದಲ ಕೆಲವು ತಿಂಗಳು ಎರಡನ್ನೂ ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ. ಹಾರ್ಡ್‌ಡಿಸ್ಕ್ ಹಳೆಯದಾಗಿದ್ದರೆ ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಲ್ಯಾಪ್‌ಟಾಪ್ ಚುರುಕಾಗಲು ಅದಕ್ಕಿಂತ ಒಳ್ಳೆಯ ಖರ್ಚು ಬೇರೊಂದಿಲ್ಲ. ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ನಿಮ್ಮ ಚಿತ್ರಗಳು ಅದರಲ್ಲೇ ಇವೆ.

ಕೆಲಸ ಮುಗಿದ ಮೇಲೆ ಆ ಪೆನ್‌ಡ್ರೈವನ್ನು ಅಳಿಸಬೇಡಿ. 'ಮಿಂಟ್' ಎಂದು ಬರೆದ ಚೀಟಿ ಅಂಟಿಸಿ ಡ್ರಾಯರಿನಲ್ಲಿಡಿ. ಪಕ್ಕದ ಮನೆಯ ಲ್ಯಾಪ್‌ಟಾಪ್ ಕೈಕೊಟ್ಟ ದಿನ ನಿಮ್ಮ ಬಾಗಿಲು ತಟ್ಟಿಯಾರು.